ಪುಕ್ಕಟೆ ಸಿಗೋದಕ್ಕೆ ದುಡ್ಡು ಯಾಕೆ ಅಂದವರಿಗೆ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಈಗ ಎಲ್ಲಾ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದೆ, ಅಂಥದ್ದರಲ್ಲಿ ವಕೀಲರು, ಆಡಿಟರುಗಳು, ಡಾಕ್ಟರುಗಳು ಸಾವಿರಾರು ರೂಪಾಯಿ ಕೊಟ್ಟು ನ್ಯೂಸ್‌ಲೆಟರ್ ತರಿಸೋದು ಶುದ್ಧ ದಂಡ ಅಂತ. ಓದಿ ನಗು ಬಂತು. ಒಂದು ಕಾಲಕ್ಕೆ ನಾನೂ ಇದನ್ನೇ ಹೇಳುತ್ತಿದ್ದೆ. ಅದಕ್ಕೂ ಮುಂಚೆ ಇದಕ್ಕೆ ಪೂರ್ತಿ ಉಲ್ಟಾ ಹೇಳುತ್ತಿದ್ದೆ. ಎರಡು ಸಲವೂ ದುಡ್ಡು ಕಳೆದುಕೊಂಡೇ ಹೇಳಿದ್ದು, ಹಾಗಾಗಿ ಸ್ವಲ್ಪ ಉದ್ದವಾದರೂ ಬರೆಯುತ್ತಿದ್ದೇನೆ. ಜಾಸ್ತಿಯಾದರೆ ಕತ್ತರಿ ಹಾಕಿ.

ನಾನು ಸಾಗರದಲ್ಲಿ ತೆರಿಗೆ ಸಲಹೆಗಾರ್ತಿ. ಜಿಎಸ್‌ಟಿ ಬಂದು ಇಷ್ಟು ವರ್ಷವಾದರೂ ಊರವರ ಬಾಯಲ್ಲಿ ನಾವಿನ್ನೂ ಸೇಲ್ಸ್ ಟ್ಯಾಕ್ಸಿನವರೇ. ನನ್ನ ಹತ್ತಿರ ಬರುವವರು ಕಿರಾಣಿ ಅಂಗಡಿಯವರು, ಹಾರ್ಡ್‌ವೇರ್‌ನವರು, ಔಷಧಿ ಅಂಗಡಿ, ಅಡಿಕೆ ವ್ಯಾಪಾರ ಮಾಡುವ ನಾಲ್ಕು ಜನ, ಒಂದೆರಡು ಬೇಕರಿ. ಚಿಕ್ಕ ಅಂಗಡಿಯವರಿಗೆ ತಿಂಗಳಿಗೆ 800 ರೂಪಾಯಿ ಫೀಸು. ಅದನ್ನೂ ಮೂರು ಸಲ ಕೇಳಬೇಕು, ಅದು ಬೇರೆ ಮಾತು.

ಕೆಲಸ ಕಲಿಯಲು ಸೇರಿದಾಗ ಇನ್ನೂ ಹಳೇ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆ ಇತ್ತು, 1957ರದ್ದು. 2005ರ ಏಪ್ರಿಲ್ 1ಕ್ಕೆ ವ್ಯಾಟ್ ಬಂತು. ನಮ್ಮ ಸೀನಿಯರ್ ಆಫೀಸಿಗೆ ಅಂಚೆಯಲ್ಲಿ ಒಂದು ಮಾಸಪತ್ರಿಕೆ ಬರುತ್ತಿತ್ತು, ಪೂರ್ತಿ ತೆರಿಗೆ ತೀರ್ಪುಗಳದ್ದು. ವರ್ಷದ ಕೊನೆಗೆ ಬೈಂಡ್ ಹಾಕಿಸಿ ಬೀರುವಿಗೆ ಸೇರಿಸುವುದು. ಅದರ ಜೊತೆಗೆ ತಿದ್ದುಪಡಿಯ ಚೀಟಿಗಳು. ಕಾಯ್ದೆ ಪುಸ್ತಕದಲ್ಲಿ ಹಳೇ ಸಾಲಿನ ಮೇಲೆ ಆ ಚೀಟಿಯನ್ನು ಗೋಂದು ಹಾಕಿ ಅಂಟಿಸಬೇಕು. ಭಾನುವಾರ ಬೆಳಿಗ್ಗೆ ಅದು ನನ್ನ ಕೆಲಸ. ಬೇಜಾರಿನ ಕೆಲಸ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅನ್ನಿಸುತ್ತೆ, ಏನು ಬದಲಾಯಿತು, ಎಲ್ಲಿ ಬದಲಾಯಿತು ಅಂತ ಕೈಗೇ ಗೊತ್ತಾಗುತ್ತಿತ್ತು. ಚೀಟಿ ಅಂಟಿಸಿದ ಸಾಲನ್ನು ಮರೆಯೋಕೆ ಆಗುತ್ತಿರಲಿಲ್ಲ.

ಈಗ ಚೀಟಿ ಇಲ್ಲ, ಗೋಂದಿಲ್ಲ. ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ವೆಬ್‌ಸೈಟಿಗೆ ಹೋದರೆ ಕಾಯ್ದೆ, ನಿಯಮ, ಅಧಿಸೂಚನೆ, ಸುತ್ತೋಲೆ ಎಲ್ಲಾ ಇದೆ, ಒಂದು ಪೈಸೆ ಕೊಡಬೇಕಿಲ್ಲ. ಜಿಎಸ್‌ಟಿ ಮಂಡಳಿ ಸಭೆ ಮುಗಿದ ರಾತ್ರಿಯೇ ಪತ್ರಿಕಾ ಪ್ರಕಟಣೆ ಬರುತ್ತದೆ. ಸುಪ್ರೀಂ ಕೋರ್ಟಿನ ವರದಿಯಾದ ತೀರ್ಪುಗಳೂ 2023ರ ಜನವರಿಯಿಂದ ಅವರದೇ ತಾಣದಲ್ಲಿ ಉಚಿತ. ಹಾಗಾಗಿ ನಿಮ್ಮ ಓದುಗರು ಹೇಳಿದ್ದು ಸುಳ್ಳಲ್ಲ. ಕಾನೂನು ಪುಕ್ಕಟೆ. ಪುಕ್ಕಟೆಯೇ ಇರಬೇಕು ಕೂಡ.

ಆದರೆ ಎಷ್ಟು ಸಲ ಬದಲಾಗುತ್ತದೆ ಅನ್ನೋದನ್ನು ನೋಡಿ. ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಅಂಗಡಿಯವನು ಮಾಲು ತರುವಾಗ ಕಟ್ಟಿದ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು, ಅದನ್ನು ನಾವು ಇನ್‌ಪುಟ್ ಅನ್ನುತ್ತೇವೆ. ಮಾಲು ಕೊಟ್ಟವನು ತನ್ನ ರಿಟರ್ನ್‌ನಲ್ಲಿ ಆ ಬಿಲ್ ತೋರಿಸದಿದ್ದರೆ? ಮೊದಲು ಬಿಲ್ ಕೈಯಲ್ಲಿದ್ದರೆ ಹೇಗೋ ನಡೆಯುತ್ತಿತ್ತು. 2019ರ ಅಕ್ಟೋಬರ್ 9ರಿಂದ, ತೋರಿಸಿದ ಬಿಲ್‌ಗಳ ಮೇಲೆ ಶೇ 20ರಷ್ಟು ಮಾತ್ರ ಹೆಚ್ಚಿಗೆ ತಗೊಳ್ಳಬಹುದು ಅಂತಾಯಿತು. 2020ರ ಜನವರಿಗೆ ಅದು ಶೇ 10 ಆಯಿತು. 2021ರ ಜನವರಿಗೆ ಶೇ 5. 2022ರ ಜನವರಿಯಿಂದ ಅದೂ ಹೋಯಿತು, ಪೋರ್ಟಲಿನ ಪಟ್ಟಿಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡೂಕಾಲು ವರ್ಷದಲ್ಲಿ ಒಂದೇ ವಿಷಯಕ್ಕೆ ನಾಲ್ಕು ಲೆಕ್ಕ. ಪ್ರತಿ ಸಲವೂ ನಾನು ಅಂಗಡಿ ಅಂಗಡಿಗೆ ಹೋಗಿ ಹೇಳಬೇಕು, ಅವರು ನನ್ನ ಮುಖ ನೋಡಿ "ಏನ್ ಮೇಡಂ, ಹೋದ ವರ್ಷ ಬೇರೆ ಹೇಳಿದ್ರಿ" ಅನ್ನಬೇಕು, ನಾನೇ ನಿಯಮ ಮಾಡಿದವಳ ಹಾಗೆ ತಲೆ ತಗ್ಗಿಸಬೇಕು. ಇಂಥ ಕೆಲಸದಲ್ಲಿ ಒಂದು ಸುತ್ತೋಲೆ ಕಣ್ಣು ತಪ್ಪಿದರೆ ದಂಡ ಬೀಳುವುದು ನನಗಲ್ಲ, ನನ್ನನ್ನು ನಂಬಿ ಕೂತವನಿಗೆ.

ಆ ಭಯದಲ್ಲೇ ಮೊದಲ ಚಂದಾ ಕಟ್ಟಿದ್ದು. ಹೆಸರು ಬೇಡ, ದೊಡ್ಡವರು. ವರ್ಷಕ್ಕೆ 14,000, ಮೇಲೆ ಶೇ 18 ಜಿಎಸ್‌ಟಿ, ಒಟ್ಟು 16,520 ರೂಪಾಯಿ. ಒಂದು ಕಿರಾಣಿ ಅಂಗಡಿಯ ಒಂದೂಮುಕ್ಕಾಲು ವರ್ಷದ ಫೀಸು ಅದು.

ಇಲ್ಲೊಂದು ತಮಾಷೆ ಇದೆ. ಅಂಚೆಯಲ್ಲಿ ಬರುವ ಮುದ್ರಿತ ಪತ್ರಿಕೆಗೆ ಜಿಎಸ್‌ಟಿ ಇಲ್ಲ. ಇಮೇಲಿನಲ್ಲಿ ಮಾತ್ರ ಬರುವ ನ್ಯೂಸ್‌ಲೆಟರ್‌ಗೆ ಶೇ 18. ಜಿಎಸ್‌ಟಿ ಬಗ್ಗೆ ತಿಳಿದುಕೊಳ್ಳೋಕೆ ಜಿಎಸ್‌ಟಿ ಕಟ್ಟಬೇಕು! ದೊಡ್ಡ ಆಫೀಸಿನವರು ಅದನ್ನೂ ಇನ್‌ಪುಟ್ ಅಂತ ಮುರಿದುಕೊಳ್ಳುತ್ತಾರೆ. ನನ್ನಂಥವರ ವರಮಾನ 20 ಲಕ್ಷ ದಾಟುವುದಿಲ್ಲ, ನೋಂದಣಿ ಇಲ್ಲ, ಹಾಗಾಗಿ ಆ 2,520 ಪೂರ್ತಿ ಕೈಬಿಟ್ಟ ಹಾಗೆ. ಆದಾಯ ತೆರಿಗೆಯಲ್ಲಾದರೂ ಖರ್ಚು ತೋರಿಸೋಣ ಅಂದರೆ ಅಲ್ಲೂ ಇಲ್ಲ. ನಮ್ಮಂಥವರು 44ಎಡಿಎ ಅನ್ನೋ ಸೆಕ್ಷನ್ ಅಡಿ ರಿಟರ್ನ್ ಹಾಕುತ್ತಾ ಬಂದವರು, ಬಂದದ್ದರಲ್ಲಿ ಅರ್ಧ ಆದಾಯ ಅಂತ ಒಪ್ಪಿಕೊಂಡ ಮೇಲೆ ಬೇರೆ ಖರ್ಚಿನ ಮಾತೇ ಇಲ್ಲ. ಅಂದರೆ ಬೆಂಗಳೂರಿನ ದೊಡ್ಡ ಆಫೀಸಿಗೆ ಯಾವುದು 14,000 ರೂಪಾಯಿಯೋ, ಅದರಲ್ಲೂ ಒಂದು ಪಾಲು ತೆರಿಗೆಯಲ್ಲಿ ಉಳಿಯುತ್ತದೋ, ಅದೇ ಸರಕು ಸಾಗರದ ಒಂಟಿ ಮೇಜಿಗೆ 16,520. ಚಂದಾ ದುಬಾರಿಯಾ ಅಗ್ಗವಾ ಅಂತ ಕೇಳುವವರು ಯಾರಿಗೆ ಅಂತಲೂ ಕೇಳಬೇಕು.

ಸರಿ, ಕಟ್ಟಿದೆ. ದಿನಾ ಬೆಳಿಗ್ಗೆ ಇಮೇಲ್. ತೆರೆದರೆ ಮೇಲೆ ಬಣ್ಣಬಣ್ಣದ ಲೋಗೊ, ಕೆಳಗೆ ಹಿಂದಿನ ದಿನದ ಅಧಿಸೂಚನೆ ಇದ್ದ ಹಾಗೇ. ಹೈಕೋರ್ಟಿನ ಆದೇಶಗಳು ಹತ್ತು ಹನ್ನೆರಡು, ಗುವಾಹಟಿ, ಅಲಹಾಬಾದ್, ಮದ್ರಾಸ್, ಯಾವುದು ನಮಗೆ ಬೇಕು ಯಾವುದು ಬೇಡ ಅನ್ನುವ ಗೋಜೇ ಇಲ್ಲ. ಮೊದಲ ತಿಂಗಳು ಶ್ರದ್ಧೆಯಿಂದ ಓದಿದೆ. ಎರಡನೇ ತಿಂಗಳು ತಲೆಬರಹ ಮಾತ್ರ. ಆರನೇ ತಿಂಗಳಿಗೆ ತೆರೆಯದ ಇಮೇಲ್ 90 ಚಿಲ್ಲರೆ. ರಿಟರ್ನ್ ಹಾಕುವ ಗಡುವು, ತಿಂಗಳ 20ನೇ ತಾರೀಖು, ಹತ್ತಿರ ಬಂತು ಅಂದರೆ ನಮ್ಮವರು ಊಟ ಮಾಡುವುದೇ ನಾಲ್ಕು ಗಂಟೆಗೆ, ಇನ್ನು ಗುವಾಹಟಿ ತೀರ್ಪು ಎಲ್ಲಿ ಓದುವುದು.

ಆಗ ಒಂದು ಪ್ರಸಂಗ ನಡೆಯಿತು. ನನ್ನ ಹತ್ತಿರದ ಔಷಧಿ ಅಂಗಡಿಯವರೊಬ್ಬರು. 2018-19ರಲ್ಲಿ ಅವರಿಗೆ ಅಪಘಾತವಾಗಿ ಆರೇಳು ತಿಂಗಳು ಮನೆಯಲ್ಲೇ. ಆ ವರ್ಷದ ರಿಟರ್ನ್‌ಗಳನ್ನು 2020ರ ಫೆಬ್ರವರಿಯಲ್ಲಿ ಹಾಕಿದೆವು. ಗಡುವು ದಾಟಿದೆ, ಇನ್‌ಪುಟ್ ಸಿಗುವುದಿಲ್ಲ, 1,12,000 ರೂಪಾಯಿ ಕಟ್ಟಿ ಅಂತ ಆದೇಶ ಬಂತು. ಮಾಲು ತಂದದ್ದು ನಿಜ, ತೆರಿಗೆ ಕೊಟ್ಟದ್ದು ನಿಜ, ಕಾಗದ ತಡವಾಯಿತು ಅಷ್ಟೇ. ಅವರು ಮೇಲ್ಮನವಿಗೂ ಹೋಗದೆ ಸುಮ್ನೆ ಕೂತರು. ನಾನೂ ಕೈಚೆಲ್ಲಿದ್ದೆ. 2025ರ ಮಾರ್ಚ್‌ನಲ್ಲಿ ಶಿವಮೊಗ್ಗಕ್ಕೆ ಹೋದಾಗ ಹಳೇ ಗೆಳತಿಯೊಬ್ಬಳು, ಅವಳದೂ ಇದೇ ಕೆಲಸ, ಚಹಾ ಕುಡಿಯುತ್ತಾ ಕೇಳಿದಳು, "ಹಳೇ ಲೇಟ್ ಇನ್‌ಪುಟ್ ಕೇಸುಗಳಿಗೆಲ್ಲ ಅರ್ಜಿ ಹಾಕಿ ಮುಗಿಸಿದೆಯಾ?" ನನಗೆ ಎದೆ ಧಸಕ್ ಅಂತು.

ಆಗಿದ್ದು ಇಷ್ಟು. 2024ರ ಹಣಕಾಸು ಕಾಯ್ದೆಯಲ್ಲಿ ಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್‌ಗೆ ಐದನೇ ಉಪವಿಭಾಗ ಸೇರಿಸಿದ್ದರು. 2017-18ರಿಂದ 2020-21ರವರೆಗಿನ ಇನ್‌ಪುಟ್ ಅನ್ನು 2021ರ ನವೆಂಬರ್ 30ರೊಳಗೆ ಹಾಕಿದ ರಿಟರ್ನ್‌ನಲ್ಲಿ ತಗೊಂಡಿದ್ದರೆ ಅದು ಸರಿ ಅಂತ. ಈಗಾಗಲೇ ಆದೇಶ ಆಗಿ ಮೇಲ್ಮನವಿ ಹಾಕದೇ ಇರುವವರು ತಿದ್ದುಪಡಿಗೆ ಅರ್ಜಿ ಹಾಕಬಹುದು. 2024ರ ಅಕ್ಟೋಬರ್ 8ರಿಂದ ಆರು ತಿಂಗಳೊಳಗೆ. ನನಗೆ ಉಳಿದದ್ದು ಎರಡು ವಾರ. ಓಡಿಬಂದು ಹಾಕಿದೆ, ಪುಣ್ಯಕ್ಕೆ ಆಯಿತು.

ಆಮೇಲೆ ಕೋಪದಲ್ಲಿ ಆ 16,520ರ ನ್ಯೂಸ್‌ಲೆಟರ್‌ಗಳನ್ನು ಹುಡುಕಿದೆ. ಇತ್ತು! ಅಕ್ಟೋಬರ್ ಎರಡನೇ ವಾರದ ಇಮೇಲ್. ಮೂವತ್ತಕ್ಕೂ ಹೆಚ್ಚು ಪುಟದ ಪಿಡಿಎಫ್‌ನಲ್ಲಿ, ಬೇರೆ ಹತ್ತಾರು ಅಧಿಸೂಚನೆಗಳ ನಡುವೆ, ಗೆಜೆಟ್‌ನಲ್ಲಿ ಇದ್ದ ಹಾಗೇ. ಯಾರಿಗೆ ಸಂಬಂಧ, ಎಷ್ಟು ದಿನ ಇದೆ, ಏನು ಮಾಡಬೇಕು, ಒಂದು ಸಾಲೂ ಇಲ್ಲ. ಅವರನ್ನು ಬೈಯಲೂ ಬರುವುದಿಲ್ಲ, ಕೊಟ್ಟಿಲ್ಲ ಅನ್ನೋ ಹಾಗಿಲ್ಲ. ಹುಲ್ಲಿನ ಬಣವೆ ಇಡೀ ಕೊಟ್ಟು, ಸೂಜಿ ಅದರಲ್ಲೇ ಇದೆ ಅಂದ ಹಾಗಾಯಿತು. ಬಣವೆ ಸರ್ಕಾರವೇ ಪುಕ್ಕಟೆ ಕೊಡುತ್ತಿತ್ತಲ್ಲ, ಅದಕ್ಕೆ ನಾನು ಯಾಕೆ ದುಡ್ಡು ಕೊಟ್ಟೆ? ಆ ಮಾರ್ಚ್‌ಗೆ ನವೀಕರಣ ಮಾಡಲಿಲ್ಲ.

ನಿಮ್ಮ ಓದುಗರ ಮಾತು ಇಲ್ಲಿಯವರೆಗೆ ಗೆದ್ದ ಹಾಗೆ ಕಾಣುತ್ತೆ. ಸ್ವಲ್ಪ ತಾಳಿ.

ಅದೇ ವರ್ಷದ ಜನವರಿಯಲ್ಲಿ ಆ ಶಿವಮೊಗ್ಗದ ಗೆಳತಿಯ ಮಾತಿಗೇ ಇನ್ನೊಂದು ಚಿಕ್ಕ ನ್ಯೂಸ್‌ಲೆಟರ್ ತರಿಸಲು ಶುರು ಮಾಡಿದ್ದೆ. ನೋಡುವುದೂ ಬೇಡ ಅನ್ನೋ ಥರ ಇರುತ್ತದೆ, ಲೋಗೊ ಇಲ್ಲ, ಬಣ್ಣ ಇಲ್ಲ. ಒಬ್ಬರೇ ಬರೆಯುವುದು, ವೃತ್ತಿಯಲ್ಲಿ ಕೂದಲು ಬೆಳ್ಳಗಾದವರು. ವಾರಕ್ಕೆ ಒಂದೇ ಸಲ, ಎರಡು ಪುಟ. ವರ್ಷಕ್ಕೆ 3,600. ಅಕ್ಟೋಬರ್‌ನ ಸುದ್ದಿಯನ್ನು ಜನವರಿಯಲ್ಲಿ ಸೇರಿದವಳಿಗೆ ಅವರು ಮತ್ತೆ ಹೇಳುವುದಿಲ್ಲ, ಹಾಗಾಗಿ ಮೇಲಿನ ಪ್ರಕರಣದಲ್ಲಿ ಅದು ನೆರವಿಗೆ ಬರಲಿಲ್ಲ. ಆದರೆ ಏಪ್ರಿಲ್ ಮೊದಲ ವಾರದ ಸಂಚಿಕೆಯ ಮೊದಲ ನಾಲ್ಕು ಸಾಲು ನನಗೆ ಇವತ್ತಿಗೂ ನೆನಪಿದೆ.

2017-18, 18-19, 19-20ರ ಬೇಡಿಕೆಗಳಿಗೆ ಸರ್ಕಾರ ಬಡ್ಡಿ, ದಂಡ ಮನ್ನಾ ಕೊಟ್ಟಿತ್ತು, ಜಿಎಸ್‌ಟಿ ಕಾಯ್ದೆಯ 128ಎ ಸೆಕ್ಷನ್ ಅಡಿ. ಅಸಲು ತೆರಿಗೆಯನ್ನು 2025ರ ಮಾರ್ಚ್ 31ರೊಳಗೆ ಕಟ್ಟಬೇಕು. ಊರಿನಲ್ಲೆಲ್ಲ ಅದೇ ಮಾತು, ಮಾರ್ಚ್ 31, ಮಾರ್ಚ್ 31. ಕಟ್ಟಿದೆವು. ಕಟ್ಟಿ ಚಲನ್ ಫೈಲಿಗೆ ಹಾಕಿ, ಅಬ್ಬಾ ಮುಗೀತು ಅಂದುಕೊಂಡೆವು. ಈ ಮನುಷ್ಯ ಬರೆದಿದ್ದರು: ಕಟ್ಟಿದವರೇ, ಮಲಗಬೇಡಿ, ಕೆಲಸ ಅರ್ಧ ಆಗಿದೆ. ಜೂನ್ 30ರೊಳಗೆ ಅರ್ಜಿ ಹಾಕಬೇಕು. ನೋಟಿಸ್ ಮಾತ್ರ ಬಂದಿದ್ದರೆ ಒಂದು ನಮೂನೆ, ಆದೇಶ ಆಗಿದ್ದರೆ ಎರಡನೇ ನಮೂನೆ. ಮೇಲ್ಮನವಿ ಇದ್ದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಕನಿಷ್ಠ ಹಿಂತೆಗೆತಕ್ಕೆ ಹಾಕಿದ ಅರ್ಜಿಯ ಪ್ರತಿಯನ್ನಾದರೂ ಹಚ್ಚಬೇಕು.

ನನ್ನ ಹಾರ್ಡ್‌ವೇರ್ ಅಂಗಡಿಯವರ ಮೇಲ್ಮನವಿ ಬಾಕಿ ಇತ್ತು. ನನಗದು ಹೊಳೆದೇ ಇರಲಿಲ್ಲ. ಅವರ ಲೆಕ್ಕ ಹೇಳುತ್ತೇನೆ ಕೇಳಿ. 2018-19ರ ತೆರಿಗೆ 84,000. ವರ್ಷಕ್ಕೆ ಶೇ 18 ಬಡ್ಡಿ ಅಂದರೆ 15,120, ಆರು ವರ್ಷಕ್ಕೆ 90,720. ದಂಡ ಕೇಂದ್ರದ್ದು 10,000, ರಾಜ್ಯದ್ದು 10,000. ಒಂದು ಅರ್ಜಿ ಹಾಕದಿದ್ದರೆ 1,10,720 ರೂಪಾಯಿ ತಲೆ ಮೇಲೆ ಉಳಿಯುತ್ತಿತ್ತು, ಅಸಲು ಕಟ್ಟಿಯೂ. ಅರ್ಜಿ ಹಾಕಿದೆವು. 3,600ರ ಚಂದಾಕ್ಕೆ ಇದಕ್ಕಿಂತ ಲೆಕ್ಕ ಬೇಕಾ?

ನೀವು ಕೇಳಬಹುದು, ಇದೂ ಸರ್ಕಾರದ ಸುತ್ತೋಲೆಯಲ್ಲೇ ಇತ್ತಲ್ಲ ಅಂತ. ಇತ್ತು, ಇಲ್ಲ ಅಂದವರಾರು. ಒಬ್ಬರು ಅದನ್ನು ಓದಿ, ನನ್ನಂಥವಳು ಎಲ್ಲಿ ಮೈಮರೆಯುತ್ತಾಳೆ ಅಂತ ಯೋಚಿಸಿ, ಆ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ನಾನು ದುಡ್ಡು ಕೊಟ್ಟದ್ದು ಆ ಬೆರಳಿಗೆ. ಇನ್ನೊಂದು ವಿಷಯ, ಅವರು ಬೇಡದ್ದನ್ನು ಬಿಡುತ್ತಾರೆ. ಈ ವಾರ ನಿಮಗೆ ಸಂಬಂಧಪಟ್ಟದ್ದು ಏನೂ ಇಲ್ಲ, ಆರಾಮಾಗಿರಿ ಅಂತ ಒಂದೇ ಸಾಲು ಕಳಿಸಿದ ವಾರವೂ ಉಂಟು. ನನಗೆ ಅತಿ ಬೆಲೆಬಾಳುವ ಸಂಚಿಕೆ ಅದೇ. ಆ ವಾರ ನಾನು ಯಾವ ವೆಬ್‌ಸೈಟೂ ತೆರೆಯಲಿಲ್ಲ, ತಂಗಿ ಮನೆಗೆ ಹೋಗಿ ಬಂದೆ.

ಈ ಬೆರಳಿಗೂ ಹಕ್ಕುಂಟು ಅಂತ ಸುಪ್ರೀಂ ಕೋರ್ಟ್ ಹೇಳಿದೆ, ತಿಳಿದವರಿಗೆ ಗೊತ್ತಿರುತ್ತದೆ. ತೀರ್ಪುಗಳನ್ನು ಅಚ್ಚು ಹಾಕಿ ಮಾರುವ ಈಸ್ಟರ್ನ್ ಬುಕ್ ಕಂಪನಿಯ ಮೊಕದ್ದಮೆ, 2007ರ ಡಿಸೆಂಬರ್. ತೀರ್ಪು ಸಾರ್ವಜನಿಕರದ್ದು, ಅದರ ಮೇಲೆ ಯಾರ ಯಜಮಾನಿಕೆಯೂ ಇಲ್ಲ. ಅಲ್ಲಿ ಇಲ್ಲಿ ಕಾಗುಣಿತ ತಿದ್ದಿದ ಮಾತ್ರಕ್ಕೆ ಅದು ನಿನ್ನದಾಗುವುದಿಲ್ಲ. ಆದರೆ ತೀರ್ಪನ್ನು ಓದಿ ಅರ್ಥ ಮಾಡಿಕೊಂಡು ಪ್ಯಾರಾ ಬಿಡಿಸಿದ್ದು, ಯಾವ ನ್ಯಾಯಮೂರ್ತಿ ಒಪ್ಪಿದರು ಯಾರು ಒಪ್ಪಲಿಲ್ಲ ಅಂತ ಗುರುತಿಸಿದ್ದು, ಅಂಥ ತಲೆ ಉಪಯೋಗಿಸಿದ ಕೆಲಸಕ್ಕೆ ರಕ್ಷಣೆ ಉಂಟು. ನನ್ನ ಎರಡು ಚಂದಾಗಳ ಕಥೆಯೂ ಬಹುತೇಕ ಇದೇ ಅಲ್ವಾ.

ಅದಕ್ಕೇ ಒಂದು ವಿಷಯಕ್ಕೆ ನನಗೆ ಸಿಟ್ಟು. ನಮ್ಮ ಜಿಲ್ಲೆಯ ತೆರಿಗೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈ ಚಿಕ್ಕ ನ್ಯೂಸ್‌ಲೆಟರ್ ಶನಿವಾರ ಬೆಳಿಗ್ಗೆ ಬಂದರೆ ಮಧ್ಯಾಹ್ನಕ್ಕೆ ಫಾರ್ವರ್ಡ್ ಆಗಿರುತ್ತದೆ. ಒಬ್ಬರು ಕಟ್ಟುವುದು, ನೂರು ಜನ ಓದುವುದು. ಕೇಳಿದರೆ "ಜ್ಞಾನ ಹಂಚಿದರೆ ಹೆಚ್ಚುತ್ತೆ ಮೇಡಂ" ಅನ್ನುತ್ತಾರೆ. ಇವರೇ ತಮ್ಮ ಕಕ್ಷಿದಾರ ಫೋನಿನಲ್ಲಿ ಎರಡು ಪ್ರಶ್ನೆ ಪುಕ್ಕಟೆ ಕೇಳಿದರೆ ಸಂಜೆವರೆಗೆ ಗೊಣಗುತ್ತಾರೆ. ಚಂದಾ ಕಟ್ಟುವ ಮೊದಲು ನಾನೂ ಒಂದೆರಡು ಸಲ ಹಾಗೆ ಬಂದದ್ದನ್ನೇ ಓದಿದವಳು ಅಂತ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಮೂರನೇ ಚಂದಾದ್ದು ಬೇರೆಯೇ ಪಾಠ. ಮೊದಲ ತಿಂಗಳು 99 ರೂಪಾಯಿ, ನೋಡಿ ಬೇಡ ಅನ್ನಿಸಿದರೆ ಬಿಡಿ ಅಂತ ಜಾಹೀರಾತು. ಎರಡನೇ ತಿಂಗಳಿಂದ ತಾನಾಗಿ 799 ಕತ್ತರಿಸುತ್ತಾರೆ ಅನ್ನೋದು ಇರುವೆ ಗಾತ್ರದ ಅಕ್ಷರದಲ್ಲಿತ್ತು. ಬಿಡೋಣ ಅಂದರೆ ಬಿಡುವ ಗುಂಡಿಯೇ ಇಲ್ಲ. ಇಮೇಲ್ ಬರೆಯಿರಿ ಅಂದರು, ಬರೆದೆ, ಯಾಕೆ ಬಿಡುತ್ತೀರಿ ಅಂತ ಹನ್ನೊಂದು ಪ್ರಶ್ನೆ ಬಂತು. ಅಷ್ಟರಲ್ಲಿ ಎರಡು ಕಂತು, 1,598 ರೂಪಾಯಿ ಹೋಯಿತು. ನಿಯಮ ಇದೆ ರೀ. ತಾನಾಗಿ ಕತ್ತರಿಸುವ ಕಂತಿಗೆ 24 ಗಂಟೆ ಮುಂಚೆ ಗ್ರಾಹಕರಿಗೆ ಸೂಚನೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ನನಗೂ ಸಂದೇಶ ಬಂದಿತ್ತು, 20ನೇ ತಾರೀಖಿನ ಗಡಿಬಿಡಿಯಲ್ಲಿ ಒಟಿಪಿಗಳ ಮಧ್ಯೆ ಯಾರು ನೋಡಿದರು. ಸೇರಲು ಒಂದು ಕ್ಲಿಕ್, ಬಿಡಲು ಹರಸಾಹಸ ಅನ್ನೋ ಇಂಥ ಚಂದಾ ಬಲೆಯನ್ನು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹದಿಮೂರು ಮೋಸದ ವಿನ್ಯಾಸಗಳಲ್ಲಿ ಒಂದು ಅಂತ ಹೆಸರಿಸಿದೆ. ಕೊನೆಗೆ ನಾನು ಬ್ಯಾಂಕಿನ ಆ್ಯಪ್‌ಗೇ ಹೋಗಿ ಆಟೋ ಡೆಬಿಟ್ ಅನುಮತಿ ರದ್ದು ಮಾಡಿದೆ. ಎರಡು ನಿಮಿಷದ ಕೆಲಸ. ಗೊತ್ತಿದ್ದರೆ ಮೊದಲೇ ಮಾಡುತ್ತಿದ್ದೆ.

ಹಾಗಂತ ನನ್ನ 3,600ರದ್ದು ಚಿನ್ನ ಅಂತ ಹೇಳುತ್ತಿಲ್ಲ. 2025ರ ಜುಲೈ ನೆನಪು ಮಾಡಿಕೊಳ್ಳಿ. ಯುಪಿಐ ಲೆಕ್ಕ ಹಿಡಿದು ನಮ್ಮ ವಾಣಿಜ್ಯ ತೆರಿಗೆ ಇಲಾಖೆಯವರು ಬೇಕರಿ, ಬೀಡಾ ಅಂಗಡಿ, ಕಾಂಡಿಮೆಂಟ್ಸ್‌ನವರಿಗೆಲ್ಲ ನೋಟಿಸ್ ಕೊಟ್ಟರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಬಂದ ಸುದ್ದಿ ಓದಿ ನಮ್ಮೂರಲ್ಲಿ ಅಂಗಡಿ ಅಂಗಡಿಯಲ್ಲಿ ಕ್ಯೂಆರ್ ಚೀಟಿ ಕಿತ್ತು, ನಗದು ಮಾತ್ರ ಅಂತ ಬೋರ್ಡ್ ಹಾಕಿದರು. ನನ್ನ ಆಫೀಸ್ ಮುಂದೆ ಚಪ್ಪಲಿ ರಾಶಿ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ, ಹಾಲಿಗೆ ಇಲ್ಲ, ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ, ಸೇವೆಯಾದರೆ 20 ಲಕ್ಷ, ಖಾತೆಗೆ ಬಂದದ್ದೆಲ್ಲ ವ್ಯಾಪಾರ ಅಲ್ಲ, ಮಗಳ ಮದುವೆಗೆ ಅಣ್ಣ ಹಾಕಿದ ದುಡ್ಡೂ ಅದರಲ್ಲಿರುತ್ತೆ. ಇದನ್ನೇ ದಿನಕ್ಕೆ ನಲವತ್ತು ಸಲ ಹೇಳಿದೆ. ಆ ಎರಡು ವಾರ ನನ್ನ ನ್ಯೂಸ್‌ಲೆಟರ್‌ನಲ್ಲಿ ಈ ಬಗ್ಗೆ ಒಂದಕ್ಷರ ಇಲ್ಲ. ಬರೆಯುವವರು ಬೇರೆ ರಾಜ್ಯದವರು, ಅವರಿಗೆ ಇದು ಕರ್ನಾಟಕದ ಗಲಾಟೆ. ಆಗ ಕೈ ಹಿಡಿದದ್ದು ಕನ್ನಡ ಪತ್ರಿಕೆಗಳೇ. ಇಲಾಖೆ ಏನು ಹೇಳಿತು, ಮುಖ್ಯಮಂತ್ರಿ ಸಭೆಯಲ್ಲಿ ಹಳೇ ಬಾಕಿ ಬಗ್ಗೆ ಏನಂದರು, ಎಲ್ಲಾ ನಿಮ್ಮಲ್ಲಿ ಓದಿ ಕತ್ತರಿಸಿ ಗೋಡೆಗೆ ಅಂಟಿಸಿದ್ದೆ. ಬಂದವರು ಅವರೇ ಓದಿಕೊಳ್ಳಲಿ ಅಂತ.

ಅದೇ ವರ್ಷದ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿಯ ಹೊಸ ದರಗಳು ಬಂದವಲ್ಲ, ಆಗ ಲೆಕ್ಕ ತಿರುಗುಮುರುಗಾಯಿತು. ಸಾಬೂನು, ಶಾಂಪೂ 18ರಿಂದ 5ಕ್ಕೆ, ಸಿಮೆಂಟ್ 28ರಿಂದ 18ಕ್ಕೆ, ನೋಟ್‌ಬುಕ್‌ಗೆ ತೆರಿಗೆಯೇ ಇಲ್ಲ. ಪಟ್ಟಿ ಎಲ್ಲಾ ಪತ್ರಿಕೆಯಲ್ಲೂ ಬಂತು, ಪುಕ್ಕಟೆಯಾಗಿ ಮೊಬೈಲಲ್ಲೂ ಬಂತು. ನಮ್ಮೂರಿನ ಸ್ಟೇಷನರಿ ಅಂಗಡಿಯವರು ಖುಷಿಯಾಗಿದ್ದರು, ನೋಟ್‌ಬುಕ್ ಅಗ್ಗ ಅಂತ. ಯಾವ ಪಟ್ಟಿಯೂ ಅವರಿಗೆ ಹೇಳದ ಒಂದು ಮಾತನ್ನು ನನ್ನ ಎರಡು ಪುಟದ ಕಾಗದ ಹೇಳಿತು. ದರ 5ಕ್ಕೆ ಇಳಿದ ಮಾಲಿಗೆ ಹಳೇ ಇನ್‌ಪುಟ್ ಹಾಗೇ ಇಟ್ಟುಕೊಳ್ಳಬಹುದು, ಆದರೆ ತೆರಿಗೆ ಪೂರ್ತಿ ಹೋದ ಮಾಲು 21ರ ರಾತ್ರಿ ಗೋದಾಮಿನಲ್ಲಿ ಎಷ್ಟಿತ್ತೋ ಅಷ್ಟರ ಇನ್‌ಪುಟ್ ವಾಪಸ್ ಮಾಡಬೇಕು. ಅಂದರೆ 21ರ ರಾತ್ರಿ ನೋಟ್‌ಬುಕ್ ಎಣಿಸಬೇಕು. ಎಣಿಸಿದೆವು. ಅಂಗಡಿಯವರು, ಅವರ ಮಗ, ನಾನು, ರಾತ್ರಿ ಹನ್ನೊಂದರವರೆಗೆ, ಧೂಳು ಕುಡಿಯುತ್ತಾ.

ಯಾರಿಗೆ ಬೇಡ ಅಂತಲೂ ಹೇಳಿಬಿಡುತ್ತೇನೆ. ಈಗಷ್ಟೇ ಬೋರ್ಡ್ ಹಾಕಿ ಹತ್ತು ಕಕ್ಷಿದಾರರನ್ನು ಇಟ್ಟುಕೊಂಡವರು ಖಂಡಿತ ತರಿಸಬೇಡಿ. ಮೊದಲ ಎರಡು ವರ್ಷ ಅಧಿಸೂಚನೆಯನ್ನು ಕಷ್ಟಪಟ್ಟು ತಾವೇ ಓದಬೇಕು, ಇಲ್ಲದಿದ್ದರೆ ಬೇರೆಯವರ ಬೆರಳು ತಪ್ಪು ತೋರಿಸಿದಾಗ ಗೊತ್ತೇ ಆಗುವುದಿಲ್ಲ. ತಪ್ಪು ತೋರಿಸಿದ್ದೂ ಉಂಟು, ಒಂದು ಸಲ ತಾರೀಖು ತಪ್ಪಾಗಿ ಹಾಕಿ ಮುಂದಿನ ವಾರ ದೊಡ್ಡ ಅಕ್ಷರದಲ್ಲಿ ಕ್ಷಮೆ ಕೇಳಿದ್ದರು. ಕ್ಷಮೆ ಕೇಳಿದ್ದು ನೋಡಿ ನನಗೆ ನಂಬಿಕೆ ಜಾಸ್ತಿಯೇ ಆಯಿತು. ಆ 16,520ರವರು ಯಾವತ್ತೂ ತಪ್ಪು ಒಪ್ಪಿಕೊಂಡದ್ದಿಲ್ಲ, ಅವರು ಸ್ವಂತದ್ದು ಅಂತ ಏನನ್ನೂ ಹೇಳಿರಲೇ ಇಲ್ಲವಲ್ಲ.

ಇನ್ನು ಹೊಸದಾಗಿ ತರಿಸುವವರು ಮಾದರಿ ಸಂಚಿಕೆ ನೋಡಿ ಮರುಳಾಗಬೇಡಿ, ಅದನ್ನು ಚಂದ ಮಾಡಿಯೇ ಇಟ್ಟಿರುತ್ತಾರೆ. ಹೋದ ವರ್ಷ ನಿಮಗೆ ಪೆಟ್ಟು ಬಿದ್ದ ಯಾವುದಾದರೂ ಒಂದು ವಿಷಯ ಹಿಡಿದು, ಆ ವಾರದ ಹಳೇ ಸಂಚಿಕೆ ಕೊಡಿ ಅಂತ ಕೇಳಿ. ಅದನ್ನು ಓದಿದ್ದರೆ ನೀವು ಪಾರಾಗುತ್ತಿದ್ದಿರಾ ಅಂತ ನೋಡಿ. ಕೊಡದಿದ್ದರೆ ಬಿಡಿ, ಅಲ್ಲೇ ಉತ್ತರ ಸಿಕ್ಕಿತು.

ಕೊನೆಗೆ ನಿಮಗೇ ಒಂದು ಮಾತು. ನಾನು ಹೇಳಿದ ಎಲ್ಲವೂ ಇಂಗ್ಲಿಷ್‌ನಲ್ಲಿವೆ. ನಾನು ಓದಿ ಅರ್ಥ ಮಾಡಿಕೊಳ್ಳುತ್ತೇನೆ, ಆದರೆ ಅದನ್ನು ಅಂಗಡಿಯವರಿಗೆ ಕನ್ನಡದಲ್ಲಿ ಹೇಳುವ ಹೊತ್ತಿಗೆ ಅರ್ಧ ದಿನ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಅರ್ಧ ಪುಟ, ಯಾರಿಗೆ ಏನು ಬದಲಾಯಿತು, ಯಾವ ತಾರೀಖಿನೊಳಗೆ ಏನು ಮಾಡಬೇಕು ಅಂತ ನೀವು ಕೊಟ್ಟರೆ, ಅದಕ್ಕೆ ಬೇರೆ ಚಂದಾ ಇಟ್ಟರೂ ಕಟ್ಟುವವರು ನಾವಿದ್ದೇವೆ. ಮುದ್ರಿಸಿಯೇ ಕೊಡಿ, ಜಿಎಸ್‌ಟಿ ಬೀಳುವುದಿಲ್ಲ. ಮೊದಲ ಪ್ರಶ್ನೆ ನನ್ನ ಮೇಜಿನ ಮೇಲೆಯೇ ಇದೆ. ರೈತ ತನ್ನ ತೋಟದ ಕಾಳುಮೆಣಸನ್ನು ಒಣಗಿಸಿ ಮಾರಿದರೂ ತೆರಿಗೆ ಇಲ್ಲ, ನೋಂದಣಿ ಬೇಡ ಅಂತ 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಮಂಡಳಿ ಸಭೆ ಹೇಳಿತು, ಆಮೇಲೆ ಸುತ್ತೋಲೆಯೂ ಬಂತು. ಒಣದ್ರಾಕ್ಷಿಗೂ ಹಾಗೇ ಬರೆದಿದ್ದಾರೆ. ನಮ್ಮ ಕಡೆಯವರು ಸುಲಿದು, ಬೇಯಿಸಿ, ಚೊಗರು ಹಾಕಿ, ಒಣಗಿಸಿದ ಅಡಿಕೆ ಹಿಡಿದುಕೊಂಡು ಬಂದು "ಮೇಡಂ, ಹಾಗಾದ್ರೆ ಇದಕ್ಕೂ ಅದೇ ಮಾತಾ?" ಅನ್ನುತ್ತಾರೆ. ಇದರ ಹೆಸರು ಹಿಡಿದು ಉತ್ತರ ಬರೆದು ಕೊಡುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ತಿಳಿಸಿ, ಈ ಸಲ ಅಡಿಕೆ ಕೊಯ್ಲಿಗೆ ಮುಂಚೆ.

ಇತಿ,
ತೆರಿಗೆ ಸಲಹೆಗಾರ್ತಿ, ಸಾಗರ